ಬೆಚ್ಚಗಿನ ಸೀಟು

ಈ ಮಳೆಗಾಲದಲ್ಲಿ ಬಸವರಾಜ ಮೊದಲ ಸಲ ನಮ್ಮ ಮನೆಗೆ ಬಂದ ಭಾನುವಾರ ಬಾಗಿಲು ತೆಗೆದವಳು ಅವ್ವ. ನಾನು ಒಳಗೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವನ ದನಿಗಿಂತ ಮೊದಲು ವಾಸನೆ ಒಳಗೆ ಬಂತು. ವಿಮಾನದ ಇಂಧನ, ಒದ್ದೆ ಕ್ಯಾನ್ವಾಸು, ಬೆವರು, ಮೂರೂ ಕೂಡಿದ ವಾಸನೆ. ಬಟ್ಟೆ ಬದಲಿಸಿದರೂ, ಸ್ನಾನ ಮಾಡಿದರೂ ಅದು ಬೂಟಿನ ಹೊಲಿಗೆಯೊಳಗೆ ಉಳಿದಿರುತ್ತದೆ. ಅವ್ವ ಸಂತೋಷದಿಂದ ಅವನ ಬೆನ್ನು ಸವರುತ್ತ ಒಳಗೆ ಕರೆದಳು. ನಾನು ಪೆನ್ನು ಕೆಳಗಿಟ್ಟು, ಮುಖ ತೊಳೆದುಕೊಂಡು, ನಗು ತಂದುಕೊಂಡು ಹೊರಗೆ ಬಂದೆ.

ಬಸವರಾಜ ಸಿಂಧನೂರಿನವನು. ನಾವಿಬ್ಬರೂ ವಾಯುಪಡೆಯ ಒಂದೇ ತರಬೇತಿ ಸ್ಕ್ವಾಡ್ರನ್ನಿನಲ್ಲಿ, ಒಂದೇ ಕೋರ್ಸಿನಲ್ಲಿ ಇದ್ದವರು. ಅವನು ಪೈಲಟ್ ಆದ, ನಾನು ಆಗಲಿಲ್ಲ. ಈಗ ಅವನು ಅದೇ ಸ್ಕ್ವಾಡ್ರನ್ನಿಗೆ ಇನ್‌ಸ್ಟ್ರಕ್ಟರ್ ಆಗಿ ವರ್ಗವಾಗಿ ಬಂದಿದ್ದಾನೆ. ನಾನು ಅಮೀರ್‌ಪೇಟ್‌ನ ಒಂದು ಕೋಚಿಂಗ್ ಸೆಂಟರಿನಲ್ಲಿ ಫಿಸಿಕ್ಸ್ ಹೇಳುತ್ತೇನೆ. ಗುರುತ್ವಾಕರ್ಷಣೆಯ ಪಾಠ ಬಂದಾಗ ಹುಡುಗರು ಆಕಳಿಸುತ್ತಾರೆ. ನನಗೆ ಆ ಪಾಠದಲ್ಲಿ ಎಂದೂ ಆಕಳಿಕೆ ಬಂದಿಲ್ಲ.

ವಿಮಾನದ ಹುಚ್ಚು ನನಗೆ ಹತ್ತಿಸಿದವನು ಅಪ್ಪ. ಅಜ್ಜನ ಕಾಲದಲ್ಲಿ ಬೀದರ್ ಕಡೆಯಿಂದ ನೌಕರಿಗೆಂದು ನಿಜಾಮನ ರಾಜಧಾನಿಗೆ ಬಂದು ಇಲ್ಲೇ ನೆಲೆನಿಂತ ಮನೆತನ ನಮ್ಮದು. ಅಪ್ಪನೂ ವಿದ್ಯುತ್ ಇಲಾಖೆಯಲ್ಲಿ ಸವೆದವನೇ. ಬೇಗಂಪೇಟೆಯಲ್ಲಿ ಪ್ರಯಾಣಿಕರ ವಿಮಾನ ಇಳಿಯುತ್ತಿದ್ದ ದಿನಗಳಲ್ಲಿ ಸಂಜೆ ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಅಲ್ಲಿಗೆ ಒಯ್ಯುತ್ತಿದ್ದ. ತಲೆಯ ಮೇಲೆ ವಿಮಾನ ಗರ್ಜಿಸಿಕೊಂಡು ಇಳಿಯುವಾಗ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ, ಅಪ್ಪ ಮುಚ್ಚಿಕೊಳ್ಳುತ್ತಿರಲಿಲ್ಲ. ನನಗೆ ವಾಯುಪಡೆಯ ಆಯ್ಕೆ ಆದಾಗ ಅವನು ಇಲಾಖೆಯವರಿಗೆ, ಬೀಗರಿಗೆ, ಹಾಲಿನವನಿಗೆ, ಎಲ್ಲರಿಗೂ ಹೇಳಿಕೊಂಡು ಬಂದ. ಅದು ಮುಂದೆ ನನ್ನ ಎದೆಯ ಮೇಲೆ ಕಲ್ಲಾಗಿ ಕೂತಿತು.

ಸ್ಕ್ವಾಡ್ರನ್ ಇದ್ದದ್ದು ಊರಿನ ಉತ್ತರಕ್ಕೆ, ಬಂಡೆಗಳ ನಡುವಿನ ಬಯಲಿನಲ್ಲಿ. ಮೊದಲ ದಿನ ಕಮಾಂಡಿಂಗ್ ಆಫೀಸರ್ ನಮ್ಮನ್ನು ಒಂದು ಉದ್ದನೆಯ ಕೋಣೆಯಲ್ಲಿ ನಿಲ್ಲಿಸಿ ಗೋಡೆಯ ಫೋಟೋಗಳನ್ನು ತೋರಿಸಿದರು. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ, ನಿಜಾಮನ ಕಾಲದ ವಿಮಾನನೆಲೆಗಳು ಕೈಗೆ ಬಂದ ಮೇಲೆ, ಕೆಲವೇ ಹಳೆಯ ವಿಮಾನಗಳನ್ನು ಕಟ್ಟಿಕೊಂಡು ಶುರುವಾದ ಘಟಕವಂತೆ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯ ಹಳೆಯ ವಿಮಾನಗಳ ಮುಂದೆ ಮಫ್ಲರ್ ಸುತ್ತಿಕೊಂಡು ನಿಂತ ಹುಡುಗರಿದ್ದರು. ಯುದ್ಧಗಳಿಗೆ ಹೋಗಿ ಬಂದವರೂ, ಬಾರದವರೂ ಅದೇ ಸಾಲುಗಳಲ್ಲಿ ನಗುತ್ತಿದ್ದರು. ಇಲ್ಲಿಂದ ಯುದ್ಧವಿಮಾನಕ್ಕೆ, ಸರಕು ವಿಮಾನಕ್ಕೆ, ಹೆಲಿಕಾಪ್ಟರಿಗೆ ಹೋದವರೆಲ್ಲ ಮೊದಲು ನೆಲ ಬಿಟ್ಟದ್ದು ಈ ರನ್‌ವೇಯಿಂದ ಎಂದು ಹೇಳಿ, ಕಡೆಗೆ ಅವರು ತಣ್ಣಗೆ ಇನ್ನೊಂದು ಮಾತು ಹೇಳಿದರು. ಹಾರಲು ಕಲಿಸುವುದು ಸ್ಕ್ವಾಡ್ರನ್ನಿನ ಅರ್ಧ ಕೆಲಸ. ಯಾರನ್ನು ಒಬ್ಬಂಟಿಯಾಗಿ ಆಕಾಶಕ್ಕೆ ಬಿಡಬಾರದೆಂದು ಗುರುತಿಸುವುದು ಉಳಿದರ್ಧ.

ಆ ವರ್ಷ ಮಳೆ ಬೇಗ ಹಿಡಿಯಿತು. ಬೆಳಗಾಗುವ ಮೊದಲೇ ಎದ್ದು, ಓವರಾಲ್ ಹಾಕಿಕೊಂಡು, ಕ್ರೂ ರೂಮಿನ ಬೆಂಚಿನ ಮೇಲೆ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂಡುತ್ತಿದ್ದೆವು. ಮೋಡ ರನ್‌ವೇಯ ಆಚೆ ತುದಿಯ ಬಂಡೆಗಳ ಮೇಲೇ ಕೂತಿರುತ್ತಿತ್ತು. ಅದು ಮೇಲೇರಿದರೆ ಹಾರಾಟ, ಇಲ್ಲದಿದ್ದರೆ ಇಲ್ಲ. ಗಂಟೆಗಟ್ಟಲೆ ಕೂತು, ಮಧ್ಯಾಹ್ನ ಇವತ್ತು ಇಲ್ಲ ಎನ್ನಿಸಿಕೊಂಡು ಎದ್ದು ಹೋಗುವುದು. ಮೂರು ದಿನ ಹಾರದಿದ್ದರೆ ಕೈ ಕಲಿತದ್ದನ್ನು ಮರೆಯುತ್ತದೆ. ಊರೊಳಗೆ ಬೋನಾಲು ಹಬ್ಬದ ಡೋಲು ಬಡಿಯುತ್ತಿದ್ದ ದಿನಗಳು ಅವು. ಗಾಳಿ ಈ ಕಡೆ ತಿರುಗಿದಾಗ ಆ ಸದ್ದು ನಮ್ಮವರೆಗೂ ಬರುತ್ತಿತ್ತು, ಎಲ್ಲೋ ಜನ ಸಂತೋಷವಾಗಿದ್ದಾರೆ ಎಂದು ಹೊಟ್ಟೆಕಿಚ್ಚಾಗುತ್ತಿತ್ತು.

ನನ್ನ ಕಷ್ಟ ಒಂದೇ, ಇಳಿಸುವುದು. ಏರಿಸುವುದು, ತಿರುಗಿಸುವುದು, ಇಂಜಿನ್ ಕೆಟ್ಟಿತೆಂದು ಹೆದರಿಸಿದರೆ ಬಯಲು ಹುಡುಕುವುದು, ಎಲ್ಲ ಬಂತು. ಆದರೆ ನೆಲ ಹತ್ತಿರ ಬಂದಾಗ, ಸರಿಯಾದ ಗಳಿಗೆಗೆ ವಿಮಾನದ ಮೂತಿಯನ್ನು ಸಾವಕಾಶ ಎತ್ತಬೇಕು. ಬೇಗ ಎತ್ತಿದರೆ ವಿಮಾನ ತೇಲಿ ತೇಲಿ ಧೊಪ್ಪೆಂದು ಕೂಡುತ್ತದೆ. ತಡವಾದರೆ ಗಾಲಿ ಬಡಿದು ಪುಟಿಯುತ್ತದೆ. ಆ ಗಳಿಗೆ ಯಾವುದೆಂದು ಯಾವ ಮೀಟರೂ ಹೇಳುವುದಿಲ್ಲ, ಕಣ್ಣೇ ಹೇಳಬೇಕು. ಕಣ್ಣು ದಿನಾ ಅದೇ ಎತ್ತರದಲ್ಲಿದ್ದರೆ ಮಾತ್ರ ರನ್‌ವೇ ದಿನಾ ಒಂದೇ ರೀತಿ ಕಾಣುತ್ತದೆ. ಅದಕ್ಕೇ ಚೆಕ್‌ಲಿಸ್ಟಿನ ಮೊದಲ ಸಾಲು ಸೀಟು. ನಾನು ಆಯ್ಕೆಯ ಅಳತೆಯನ್ನು ಹೇಗೋ ದಾಟಿದ ಕುಳ್ಳಿ. ಪಕ್ಕದ ಸನ್ನೆಕೋಲು ಎಳೆದು ಸೀಟನ್ನು ಹೆಚ್ಚುಕಡಿಮೆ ಪೂರ್ತಿ ಮೇಲೇರಿಸಿಕೊಂಡರೇ ನನಗೆ ರನ್‌ವೇ ಕಾಣುತ್ತಿತ್ತು.

ನನ್ನ ಇನ್‌ಸ್ಟ್ರಕ್ಟರ್ ನಾಯರ್ ಸರ್ ಬೈಯುವ ಪೈಕಿಯಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿಂದಿನ ಸೀಟಿನಿಂದ ಅವರು ಒಂದು ನಿಟ್ಟುಸಿರು ಬಿಟ್ಟರೆ ಅದು ಹೆಡ್‌ಸೆಟ್‌ನಲ್ಲಿ ನನ್ನ ಎರಡೂ ಕಿವಿಗಳಿಗೆ ಬರುತ್ತಿತ್ತು. ಹಗುರವಾಗಿ ನಾಲ್ಕು ಸಲ ಇಳಿಸುತ್ತಿದ್ದೆ, ಐದನೆಯ ಸಲ ಬಡಿಯುತ್ತಿದ್ದೆ. ಅದೇ ಐದನೆಯದು ಸೋಲೋದಲ್ಲಿ, ಅಂದರೆ ಹಿಂದೆ ಯಾರೂ ಇಲ್ಲದಾಗ, ಬಂದರೆ ಏನು ಗತಿ ಎಂದು ಅವರು ಸೌಮ್ಯವಾಗಿ ಕೇಳುತ್ತಿದ್ದರು. ಒಬ್ಬೊಬ್ಬರಿಗೆ ಇಂತಿಷ್ಟು ಅಂತ ಹಾರಾಟಗಳು. ಅಷ್ಟರೊಳಗೆ ಸೋಲೋ ಆಗಬೇಕು. ಆಗದಿದ್ದರೆ ಒಂದು ಚೆಕ್, ಅಂದರೆ ಪರೀಕ್ಷೆಯ ಹಾರಾಟ, ಮತ್ತೆ ಕಡೆಯದೊಂದು ಚೆಕ್, ಅದೂ ತಪ್ಪಿದರೆ ಹಾರಾಟದಿಂದ ಸಸ್ಪೆಂಡ್.

ಸಸ್ಪೆಂಡ್ ಆದವರು ಹೋಗುವ ರೀತಿಯೇ ಮನಸ್ಸು ಕದಡುತ್ತಿತ್ತು. ನಾವು ಹಾರಾಟ ಮುಗಿಸಿ ಬರುವಷ್ಟರಲ್ಲಿ ಅವರ ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿರುತ್ತಿತ್ತು. ಯಾರೂ ಬೀಳ್ಕೊಡುತ್ತಿರಲಿಲ್ಲ, ಯಾರೂ ಆ ಹೆಸರು ಎತ್ತುತ್ತಿರಲಿಲ್ಲ. ನನ್ನ ಕೋಣೆಯ ಹುಡುಗಿ, ಅಸ್ಸಾಮಿನವಳು, ಹಾಗೇ ಒಂದು ಮಧ್ಯಾಹ್ನ ಇಲ್ಲವಾದಳು. ಕಿಟಕಿಯಲ್ಲಿ ಒಣಗಲು ಹಾಕಿದ ಅವಳ ಕಾಲುಚೀಲಗಳನ್ನು ಎಷ್ಟೋ ದಿನ ನಾನು ತೆಗೆಯಲಿಲ್ಲ. ತೆಗೆದರೆ ಮುಂದಿನವು ನನ್ನವೇ ಎನ್ನುವ ಭಯವಿತ್ತು.

ಭಾನುವಾರ ರಜೆ ಸಿಕ್ಕರೆ ನಾನು ಮನೆಗೆ ಓಡುತ್ತಿದ್ದೆ. ನಮ್ಮ ಕೋರ್ಸಿನಲ್ಲಿ ಕನ್ನಡದವರು ನಾವಿಬ್ಬರೇ, ಹಾಗಾಗಿ ಬಸವರಾಜನೂ ಜೊತೆಗೆ. ತಾಳೆಮರದಂಥ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು. ಅವ್ವ ಬಡಿದು ಬಡಿದು ಹಾಕಿದಷ್ಟೂ ಜೋಳದ ರೊಟ್ಟಿ ತಿನ್ನುತ್ತಿದ್ದ, ಅವಳ ಪಾಲಿಗೆ ಮಗನೇ ಆಗಿಬಿಟ್ಟ. ಊಟವಾದ ಮೇಲೆ ಕುರ್ಚಿ ಹಾರಾಟ. ನಗಬೇಡಿ, ಎಲ್ಲ ಪೈಲಟ್‌ಗಳೂ ಮಾಡುವುದೇ ಅದು. ಕಣ್ಣು ಮುಚ್ಚಿ ಕುರ್ಚಿಯ ಮೇಲೆ ಕೂತು, ಕೈಕಾಲು ಆಡಿಸುತ್ತ, ಇಡೀ ಹಾರಾಟವನ್ನು ಬಾಯಲ್ಲಿ ಹೇಳುತ್ತ ಮುಗಿಸುವುದು. ನನ್ನ ಎತ್ತರಕ್ಕೆಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವ್ವ ಕೌದಿ ಮಡಿಚಿ ಹಾಕುತ್ತಿದ್ದಳು. ವಿಮಾನ ನಡೆಸುವ ಕೋಲೆಂದು ಕೈಗೆ ಲಟ್ಟಣಿಗೆ. ಅಪ್ಪ ಎದುರು ಕೂತು ಕನ್ನಡಕ ಏರಿಸಿ ಚೆಕ್‌ಲಿಸ್ಟ್ ಓದುತ್ತಿದ್ದ. ಸೀಟ್ ಎಂದು ಅವನು ಕೇಳಬೇಕು, ಸೆಟ್ ಎಂದು ನಾನು ಹೇಳಬೇಕು.

ಒಮ್ಮೆ ಹಾಗೆ ಹಾರುತ್ತಿದ್ದಾಗ ನನಗೆ ಅಳು ಬಂತು. ಕಣ್ಣು ಮುಚ್ಚಿಕೊಂಡೇ ಅತ್ತೆ. ಅಪ್ಪ ಚೆಕ್‌ಲಿಸ್ಟ್ ಮಡಿಚಿಟ್ಟ. "ಇಳೀಲಿಕ್ಕೆ ಬರಲಿಲ್ಲಂದ್ರ ಬಿಟ್ಟು ಬಾರವಾ," ಎಂದ. "ಹೇಳಿದ ಮಂದಿಗೆಲ್ಲಾ ನಾ ಹೇಳಿಕೋತೀನಿ." ಆ ಮಾತಿನಿಂದ ನನಗೆ ಹಗುರವಾಗಬೇಕಿತ್ತು. ಆದರೆ ಹಾಲಿನವನ ಮುಂದೆ ಅಪ್ಪ ಅದನ್ನು ಹೇಳುತ್ತ ನಿಂತದ್ದು ಕಣ್ಣಿಗೆ ಕಟ್ಟಿತು, ಸತ್ತರೂ ಬಿಡಬಾರದು ಅನ್ನಿಸಿತು.

ಮೊದಲ ಚೆಕ್ ಕೆಟ್ಟಿತು. ವಾರವಿಡೀ ಮಳೆ ಸುರಿದು, ಬಿಟ್ಟ ಮರುದಿನವೇ ಇಟ್ಟಿದ್ದರು. ಎರಡು ಸಲ ಪುಟಿಸಿದೆ. ಆಮೇಲೆ ಏನಾಯಿತೋ, ನಾಯರ್ ಸರ್ ಪಟ್ಟುಹಿಡಿದು ದಿನಾ ಹಾರಿಸಿದರು, ಮೋಡವೂ ಕರುಣೆ ತೋರಿ ಮೇಲೇರಿತು. ಕಣ್ಣಿಗೆ ಇದ್ದಕ್ಕಿದ್ದಂತೆ ಗುರುತು ಸಿಕ್ಕಿತು. ನೆಲ ಎದ್ದು ಬರುವುದು, ರನ್‌ವೇಯ ಅಂಚುಗಳು ಅಗಲವಾಗುವುದು, ಇಲ್ಲಿ, ಈಗ, ಎಂದು ಕೈ ತಾನೇ ಮೂತಿ ಎತ್ತುತ್ತಿತ್ತು. ಒಂದು ಬೆಳಿಗ್ಗೆ ಒಂದೂ ತಪ್ಪಲಿಲ್ಲ. ಹಿಂದಿನ ಸೀಟಿನಿಂದ ನಿಟ್ಟುಸಿರು ಬರಲಿಲ್ಲ. ಕೆಳಗಿಳಿದ ಮೇಲೆ ನಾಯರ್ ಸರ್, ನಿನ್ನ ಹೆಲ್ಮೆಟ್ ಎಷ್ಟು ಎತ್ತರಕ್ಕೆ ಕಂಡರೆ ನೀನು ಸರಿಯಾಗಿ ಕೂತಿದ್ದೀಯೆಂದು ನನಗೂ ಗೊತ್ತಾಗಿಬಿಟ್ಟಿದೆ ಎಂದು ನಕ್ಕರು. ನನಗೂ ಇದು ಬಂತು ಎಂದು ಮೊದಲ ಸಲ ಅನ್ನಿಸಿತು.

ಕಡೆಯ ಚೆಕ್ ತೆಗೆದುಕೊಳ್ಳುವವರು ಮಾತ್ರ ನಾಯರ್ ಸರ್ ಅಲ್ಲ. ಫ್ಲೈಟ್ ಕಮಾಂಡರ್. ನನ್ನ ಜೊತೆ ಎಂದೂ ಹಾರದವರು.

ಆ ಹೊತ್ತಿಗೆ ಕೋರ್ಸಿನಲ್ಲಿ ಸೋಲೋ ಆಗದೆ ಉಳಿದವರು ನಾನು ಮತ್ತು ಬಸವರಾಜ. ಅವನು ಜ್ವರ ಬಂದು ಹಿಂದೆ ಬಿದ್ದಿದ್ದ. ನಮ್ಮ ಸ್ಕ್ವಾಡ್ರನ್ನಿನ ಹುಡುಗರಲ್ಲಿ ಒಂದು ನಂಬಿಕೆಯಿತ್ತು. ಸೋಲೋ ಮುಗಿಸಿ ಇಳಿದವನ ಸೀಟು ಆರುವ ಮೊದಲು ಅದರಲ್ಲಿ ಕೂತವರಿಗೆ ಅವನ ಅದೃಷ್ಟ ಹತ್ತುತ್ತದಂತೆ. ಹಳೆಯ ಕೋರ್ಸಿನವರು ಹೊಸಬರ ಕಿವಿಯಲ್ಲಿ ಹೇಳಿ ಹೋಗುವ ಮಾತು. ಇನ್‌ಸ್ಟ್ರಕ್ಟರ್‌ಗಳು ಅದನ್ನು ಕೇಳಿಸಿಕೊಳ್ಳದವರಂತೆ ಇರುತ್ತಿದ್ದರು, ಅವರೂ ಒಂದು ಕಾಲಕ್ಕೆ ಹುಡುಗರೇ. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ನಾನು.

ಬಸವರಾಜನ ಸೋಲೋ ಇದ್ದ ಬೆಳಿಗ್ಗೆಯೇ ನನ್ನ ಕಡೆಯ ಚೆಕ್ ಬಂತು. ಅದು ತಾನಾಗಿ ಬಂದದ್ದಲ್ಲ. ತನ್ನ ವಿಮಾನವೇ ತಕ್ಷಣ ನನಗೆ ಬರುವಂತೆ ಅವನು ಯಾರ್‍ಯಾರನ್ನೋ ಕಾಡಿ ಬೇಡಿ ಹೊಂದಿಸಿದ್ದ. ಮೋಡ ಹರಿದಿತ್ತು, ಪಡುವಣದಲ್ಲಿ ಮಾತ್ರ ಕಪ್ಪು ಕಟ್ಟುತ್ತಿತ್ತು. ಅವನು ಒಬ್ಬನೇ ಏರಿ, ಒಂದು ಸುತ್ತು ಹಾಕಿ, ಬೆಣ್ಣೆಯಲ್ಲಿ ಚಾಕು ಇಳಿದಷ್ಟು ಮೆತ್ತಗೆ ಇಳಿದ. ಹುಡುಗರು ರೂಢಿಯಂತೆ ಅವನ ತಲೆಗೆ ನೀರು ಸುರಿಯಲು ಬಕೆಟ್ ಹಿಡಿದು ನಿಂತಿದ್ದರು. ಅವನು ಅವರತ್ತ ನೋಡಲಿಲ್ಲ. ರೆಕ್ಕೆಯಿಂದ ಹಾರಿ ನನ್ನ ಹತ್ತಿರ ಬಂದು ತೋಳು ಹಿಡಿದ. ಅವನ ಕಣ್ಣು ಒದ್ದೆಯಾಗಿತ್ತು.

"ಏನೂ ಮುಟ್ಟಬ್ಯಾಡ," ಎಂದ. "ಸೀಟು ಇನ್ನೂ ಬೆಚ್ಚಗೈತಿ. ಹಂಗ ಹೋಗಿ ಕೂಡು."

ಕೂತೆ. ನಿಜವಾಗಿಯೂ ಬೆಚ್ಚಗಿತ್ತು. ನನ್ನ ಮೈ ಭಯದಿಂದ ತಣ್ಣಗಾಗಿತ್ತು, ಆ ಬಿಸುಪು ಓವರಾಲ್‌ನ ಮೂಲಕ ತೊಡೆಗೆ, ಬೆನ್ನಿಗೆ ಹತ್ತಿತು. ಯಾರೋ ಹಿಂದಿನಿಂದ ತಬ್ಬಿಕೊಂಡಂತೆ ಅನ್ನಿಸಿತು. ಸೀಟು ಕೆಳಗಿತ್ತು, ಅವನ ಎತ್ತರಕ್ಕೆ. ನನಗೆ ತಿಳಿಯಿತು. ಕೈ ಸನ್ನೆಕೋಲಿನ ಮೇಲೆ ಹೋಯಿತು. ಏರಿಸಿದರೆ ಅದೃಷ್ಟ ಒಡೆದೀತು ಅನ್ನಿಸಿತು. ನಾನು, ಫಿಸಿಕ್ಸ್ ಓದಿದವಳು, ಕುರ್ಚಿಗೆ ಕೌದಿ ಮಡಿಚಿ ಹಾಕಿಕೊಂಡವಳು, ಕೈ ತೆಗೆದೆ. ಹಿಂದೆ ಕೂತ ಫ್ಲೈಟ್ ಕಮಾಂಡರ್ ಚೆಕ್‌ಲಿಸ್ಟ್ ಶುರುಮಾಡಲು ಹೇಳಿದರು. ಸೀಟ್, ಸೆಟ್, ಎಂದೆ. ನನ್ನ ಹೆಲ್ಮೆಟ್ ಎಷ್ಟು ಎತ್ತರಕ್ಕೆ ಕಾಣಬೇಕೆಂದು ಅವರಿಗೆ ಗೊತ್ತಿರಲಿಲ್ಲ.

ಏರುವವರೆಗೆ ಎಲ್ಲ ಚೆಂದವಿತ್ತು. ಮೋಡ ಹತ್ತಿರವಾಗುತ್ತಿತ್ತು, ಅಡ್ಡಗಾಳಿ ಎದ್ದಿತ್ತು, ಆದರೆ ಅದನ್ನು ನಾನು ಸಂಭಾಳಿಸಬಲ್ಲವಳಾಗಿದ್ದೆ. ಕೊನೆಯ ತಿರುವು ತಿರುಗಿ ರನ್‌ವೇ ಎದುರಾದಾಗ ಅದು ನನ್ನ ರನ್‌ವೇ ಅಲ್ಲ. ನಾನು ಕಂಡದ್ದೇ ಇಲ್ಲದ ಜಾಗ. ಅರ್ಧ ರನ್‌ವೇಯನ್ನು ವಿಮಾನದ ಮೂತಿಯೇ ಮುಚ್ಚಿಬಿಟ್ಟಿತ್ತು. ಕತ್ತು ಚಾಚಿದೆ. ಬೆಲ್ಟ್ ಹಿಡಿದೆಳೆಯಿತು. ರನ್‌ವೇ ನೋಡಲಿಕ್ಕೆಂದು ಮೂತಿ ತಗ್ಗಿಸಿದೆ, ತಗ್ಗಿಸಿದ್ದೇ ನೆಲ ಬೇಗ ಬಂತು. ಕೈ ಕಾಯುತ್ತಿದ್ದ ಗುರುತು ಬರಲೇ ಇಲ್ಲ. ಗಾಲಿಗಳು ಬಡಿದವು, ವಿಮಾನ ಪುಟಿಯಿತು, ಮತ್ತೆ ಬಡಿದು ಪಕ್ಕಕ್ಕೆ ಎಳೆಯಿತು. ಹಿಂದಿನಿಂದ ಕಂಟ್ರೋಲ್ ತೆಗೆದುಕೊಂಡೆ ಎಂಬ ಮಾತು ಕೇಳಿತು, ಕೋಲು ನನ್ನ ಕೈಯಿಂದ ಹೋಯಿತು. ಇನ್ನೊಂದು ಅವಕಾಶ ಕೊಟ್ಟರು. ಅಷ್ಟರಲ್ಲಿ ನನ್ನ ಕಣ್ಣಿನ ಮೇಲಿನ ನಂಬಿಕೆಯೇ ಹೋಗಿತ್ತು, ಸೀಟಿನ ನೆನಪೂ ಬರಲಿಲ್ಲ. ಬಂದದ್ದು ಅಪ್ಪನ ಮುಖ. ಮತ್ತೆ ಬಡಿದೆ.

ಇಳಿದಾಗ ಬಸವರಾಜ ಇನ್ನೂ ಒಣ ಬಟ್ಟೆಯಲ್ಲೇ ನಿಂತಿದ್ದ. ನಾನು ಬರುವವರೆಗೆ ನೀರು ಸುರಿಸಿಕೊಳ್ಳುವುದಿಲ್ಲ ಎಂದಿದ್ದನಂತೆ. ನನ್ನ ಮುಖ ನೋಡಿ ಬಕೆಟ್ ಹಿಡಿದವರು ಅದನ್ನು ಕೆಳಗಿಟ್ಟರು. ಆಮೇಲೆ ಮಳೆ ಬಂತು, ಎಲ್ಲರೂ ಒದ್ದೆಯಾದೆವು.

ಮುಂದಿನದೆಲ್ಲ ಬೇಗ ಮುಗಿಯಿತು. ಮೇಜಿನ ಆಚೆ ಮೂವರು ಅಧಿಕಾರಿಗಳು, ಈಚೆ ನಾನು. ಹೇಳಲು ಏನಾದರೂ ಇದೆಯೇ ಎಂದು ಕೇಳಿದರು. ಬೆಚ್ಚಗಿನ ಸೀಟಿನ ಕಥೆಯನ್ನು ಆ ಮೇಜಿನ ಮುಂದೆ ಯಾವ ಬಾಯಿಂದ ಹೇಳಲಿ? ಹೇಳಿದ್ದರೆ ಅದೇ ಇನ್ನೊಂದು ಕಾರಣವಾಗುತ್ತಿತ್ತು. ನಾಯರ್ ಸರ್ ಹೊರಗೆ ಕಾಯುತ್ತಿದ್ದರು. ಗಾಳಿ ಜೋರಿತ್ತಲ್ಲ ಎಂದು ಅವರೇ ಅಂದರು, ನಾನು ಹೌದೆಂದೆ. ಹಾಸಿಗೆ ನಾನೇ ಸುತ್ತಿದೆ. ಮನೆಗೆ ಬಂದು ಬ್ಯಾಗು ಕೆಳಗಿಟ್ಟಾಗ ಅಪ್ಪ ಕುರ್ಚಿಯ ಮೇಲಿದ್ದ ಕೌದಿಯನ್ನು ಬಿಡಿಸಿ, ಮಂಚದ ಮೇಲೆ ಹಾಸಿ, ಮಲಗು ಎಂದ. ಎಷ್ಟೋ ತಿಂಗಳು ಅವನು ಹಾಲಿನವನನ್ನು ತಪ್ಪಿಸಿ ಅಂಗಡಿಯಿಂದ ಹಾಲು ತಂದ.

ಇಷ್ಟು ವರ್ಷ ಬಸವರಾಜ ಎಲ್ಲಿದ್ದರೂ ಫೋನ್ ಮಾಡುತ್ತಿದ್ದ. ಪ್ರತಿ ಸಲ ಆ ಗಾಳಿಯನ್ನು ಬೈಯುತ್ತಿದ್ದ. ನಾನೂ ಜೊತೆಗೂಡಿ ಬೈಯುತ್ತಿದ್ದೆ. ತನ್ನ ಬದುಕಿನ ಅತಿ ದೊಡ್ಡ ಬೆಳಿಗ್ಗೆಯನ್ನು ಅವನು ನನ್ನ ಜೊತೆ ಹಂಚಿಕೊಂಡಿದ್ದ. ಅದು ನನ್ನನ್ನು ಮುಳುಗಿಸಿತೆಂದು ಅವನಿಗೇಕೆ ಹೇಳಲಿ?

ಈ ಮಳೆಗಾಲದಲ್ಲಿ ಅವನು ಭಾನುವಾರ ಭಾನುವಾರ ಬರತೊಡಗಿದ. ಅದೇ ತಲೆ ಬಗ್ಗಿಸಿ ಒಳಬರುವುದು, ಅದೇ ರೊಟ್ಟಿ. ವಾಸನೆಯೂ ನನಗೆ ರೂಢಿಯಾಯಿತು. ಹೋದ ತಿಂಗಳು ಒಂದು ದಿನ ಊಟಕ್ಕೆ ಕೂತಾಗ ತನ್ನ ಕೈಕೆಳಗಿನ ಒಬ್ಬ ಹುಡುಗಿಯ ವಿಷಯ ತೆಗೆದ. ಮೆಹಬೂಬ್‌ನಗರದವಳು, ಮನೆಯಿಂದ ಸೈನ್ಯ ಸೇರಿದ ಮೊದಲನೆಯವಳು. ಇಳಿಸುವುದು ಒಂದೇ ಅವಳಿಗೆ ಹತ್ತುತ್ತಿಲ್ಲವಂತೆ, ಈಗೀಗ ಸುಧಾರಿಸುತ್ತಿದ್ದಾಳಂತೆ.

"ನಾಳಿ ಅಕೀದು ಕಡೀ ಚೆಕ್," ಎಂದ. "ನಿನ್ನಷ್ಟ ಎತ್ತರ ಅದಾಳ, ನಿನ್ನಂಗ ಮಾರಿ ಸಣ್ಣದು ಮಾಡ್ಕೊಂಡು ಕೂಡ್ತಾಳ. ಮುಂಜಾನಿ ಒಬ್ಬ ಹುಡುಗನ ಸೋಲೋ ಐತಿ. ಅಂವ ಇಳದ ಕೂಡ್ಲೇ ಅಕಿನ್ನ ಅದ ಸೀಟಿನಾಗ ಕೂಡಸಾಕ ಹೇಳೀನಿ. ನಿನಗ ಅವತ್ತು ಗಾಳಿ ಕೈ ಕೊಡ್ತು. ಅಕಿಗಾದ್ರೂ ಆಗಲಿ."

ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ಅಪ್ಪ ಕಿಟಕಿಯ ಹತ್ತಿರ ಪೇಪರ್ ಓದುತ್ತಿದ್ದ. ನನ್ನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ನಾನು ಕಂಡಿರದ ಆ ಹುಡುಗಿ ತಣ್ಣಗಾದ ಮೈಯಲ್ಲಿ ಆ ಬಿಸುಪಿನೊಳಗೆ ಕೂಡುವುದು, ಅವಳ ಕೈ ಸನ್ನೆಕೋಲಿನ ತನಕ ಹೋಗಿ ನಿಲ್ಲುವುದು ನನಗೆ ಕಂಡಿತು. ಅವಳ ಅಪ್ಪನೂ ಊರಿಗೆಲ್ಲ ಹೇಳಿರುತ್ತಾನೆ.

"ಅಕಿ ಸೀಟು ಏರಿಸ್ಕೋತಾಳೋ ಇಲ್ಲೋ, ನೀನ ನಿಂತು ನೋಡು," ಎಂದೆ.

ಅವನು ನಕ್ಕ. "ಚೆಕ್‌ಲಿಸ್ಟಿನಾಗ ಮೊದಲನೇದ ಅದು. ಅದನ್ನ ಯಾರು ಬಿಡ್ತಾರ?"

"ನಾ ಬಿಟ್ಟಿದ್ದೆ."

ಅವನ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಯಾಕೆ ಎಂದು ಕೇಳಿದ. ಕೇಳುವಾಗಲೇ ಅವನಿಗೆ ಗೊತ್ತಾಗುತ್ತಿತ್ತೆಂದು ಕಾಣುತ್ತದೆ, ದನಿ ಸಣ್ಣಗಾಗಿತ್ತು.

"ಏನೂ ಮುಟ್ಟಬ್ಯಾಡ ಅಂದಿದ್ದಿ," ಎಂದೆ. "ಬೆಚ್ಚಗಿತ್ತು, ಬಸು. ಭಾಳ ಬೆಚ್ಚಗಿತ್ತು."

ಕಿಟಕಿಯ ಹತ್ತಿರ ಪೇಪರಿನ ಸದ್ದು ನಿಂತಿತು. ಬಸವರಾಜ ತಾಟಿನಲ್ಲಿದ್ದ ಮುರಿದ ರೊಟ್ಟಿಯನ್ನೇ ನೋಡುತ್ತ ಕೂತ. ಆಮೇಲೆ ಎದ್ದು ಕೈ ತೊಳೆದ. ಬಿಸಿ ರೊಟ್ಟಿ ಹಿಡಿದು ಬಂದ ಅವ್ವನಿಗೆ, ಹೊಟ್ಟಿ ತುಂಬೇತ್ರಿ ಅವ್ವಾರ ಎಂದ. ಬೂಟು ಹಾಕಿಕೊಳ್ಳುತ್ತ, ತಲೆ ಎತ್ತದೆ, ನಾಳೆ ಅವಳು ಕೂಡುವ ಮೊದಲು ಸೀಟನ್ನು ತಾನೇ ಪೂರ್ತಿ ಕೆಳಗಿಳಿಸಿ ಇಡುತ್ತೇನೆ, ಏರಿಸಿಕೊಳ್ಳದೆ ಅವಳಿಗೆ ಏನೂ ಕಾಣಬಾರದು ಎಂದು ಹೇಳಿದ. ನನಗೆ ಹೇಳಿದನೋ, ತನಗೇ ಹೇಳಿಕೊಂಡನೋ ತಿಳಿಯಲಿಲ್ಲ.

ಮರುದಿನ ಪಾಠ ಮುಗಿಸಿ ಮೆಟ್ಟಿಲಿಳಿಯುತ್ತಿದ್ದಾಗ ಫೋನ್ ಬಂತು. ಹುಡುಗಿ ಚೆನ್ನಾಗಿ ಇಳಿಸಿದಳು, ಒಬ್ಬಳೇ ಹೋಗಿ ಬಂದಳು ಎಂದ. ಅಷ್ಟೇ ಹೇಳಿದ, ಗಾಳಿಯನ್ನು ಬೈಯಲಿಲ್ಲ. ನಾನು ಅಮೀರ್‌ಪೇಟ್‌ನ ಆ ಗದ್ದಲದಲ್ಲಿ ಗೋಡೆ ಹಿಡಿದು ನಿಂತು ಅತ್ತೆ. ಅವಳಿಗಾಗಿ ಸಂತೋಷ ಎಷ್ಟಿತ್ತೋ ಹೊಟ್ಟೆಕಿಚ್ಚೂ ಅಷ್ಟೇ ಇತ್ತು.

ಮುಂದಿನ ಭಾನುವಾರ ಅವ್ವ ಎಂದಿನಂತೆ ಅವನ ಪಾಲಿನ ರೊಟ್ಟಿಯನ್ನೂ ಬಡಿದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಅವನದೂ ಸೇರಿ ನಾಲ್ಕು ತಾಟು ಇಟ್ಟಳು. ಮಧ್ಯಾಹ್ನ ಸರಿಯಿತು. ಅವಳು ಬಾಗಿಲ ತನಕ ಹೋಗಿ ಬಂದಳು, ರಸ್ತೆಯಲ್ಲಿ ನೀರು ನಿಂತಿರಬೇಕು ಎಂದಳು. ನಾನು ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ರೊಟ್ಟಿ ಬಿರುಸಾಗತೊಡಗಿತು.

ಕಡೆಗೆ ಅಪ್ಪನೇ ಎದ್ದು ಬಂದು ಊಟಕ್ಕೆ ಕೂತ. "ಇವತ್ತ ಬರೂದಿಲ್ಲ ಅಂವ," ಎಂದ ಅವ್ವನಿಗೆ. "ತಾಟು ತಗಿ."